ಹದಿನಾಲ್ಕು ಸೆಂಟ್ ಗಾಂಧಾರ

ಕಾಮಾಕ್ಷಿ ಹಾಡುವುದನ್ನು ನಿಲ್ಲಿಸಿದ್ದಾಳೆ ಎಂಬುದು ರತ್ನಾಕರನ ಗಮನಕ್ಕೆ ಬಂದದ್ದು ಏಳು ತಿಂಗಳಾದ ಮೇಲೆ. ಅದೂ ತಾನಾಗಿ ಬಂದದ್ದಲ್ಲ. ಆಗಸ್ಟಿನ ಒಂದು ಭಾನುವಾರ ಕನ್ನಡ ಸಂಘದ ಕಾರ್ಯದರ್ಶಿ ಮೋಹನ ಫೋನ್ ಮಾಡಿ, ಮೇಡಂ ಯುಗಾದಿಗೂ ಹಾಡಲಿಲ್ಲ, ರಾಜ್ಯೋತ್ಸವಕ್ಕಾದರೂ ಹಾಡುತ್ತಾರೋ ಹೇಗೆ ಎಂದು ಕೇಳಿದ. ಕೇಳಿ ಹೇಳುತ್ತೇನೆ ಎಂದು ಫೋನ್ ಕೆಳಗಿಟ್ಟ ರತ್ನಾಕರ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನೀನು ಯುಗಾದಿಗೆ ಹಾಡ್ಲಿಲ್ವಾ?"

ಕಾಮಾಕ್ಷಿ ಬೀನ್ಸ್ ಹೆಚ್ಚುತ್ತಿದ್ದಳು. "ನೀವು ಮುಂದಿನ ಸಾಲಲ್ಲೇ ಕೂತಿದ್ರಿ" ಎಂದಳು.

"ಯಾಕೆ ಹಾಡ್ಲಿಲ್ಲ?"

"ಕೆಂಪಣ್ಣನೋರು ಜನವರೀಲೇ ಹೋದ್ರಲ್ಲ. ಇನ್ನು ಯಾರ ಶ್ರುತಿಗೆ ಹಾಡ್ಲಿ?"

ಕೆಂಪಣ್ಣ ಎಂದರೆ ಬ್ಯಾಂಕ್ ಮ್ಯಾನೇಜರ್. ಹನ್ನೊಂದು ವರ್ಷ ಪ್ರತಿ ಗುರುವಾರ ಸಂಜೆ ಹಾರ್ಮೋನಿಯಂ ಹೊತ್ತುಕೊಂಡು ಇವರ ಫ್ಲ್ಯಾಟಿಗೆ ಬಂದು, ಒಂದು ಗಂಟೆ ನುಡಿಸಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ ಮನುಷ್ಯ. ಶಿವಮೊಗ್ಗಕ್ಕೆ ವರ್ಗವಾಗಿ ಹೋದ. ಬೀಳ್ಕೊಡುಗೆಯ ಊಟಕ್ಕೆ ರತ್ನಾಕರನೂ ಹೋಗಿದ್ದ, ಅವಿಯಲ್ ಚೆನ್ನಾಗಿತ್ತು ಎಂಬುದು ನೆನಪಿತ್ತು. ಆದರೆ ಆ ಊಟಕ್ಕೂ ತನ್ನ ಮನೆ ಗುರುವಾರಗಳಲ್ಲಿ ಸಪ್ಪೆಯಾಗಿರುವುದಕ್ಕೂ ಸಂಬಂಧ ಉಂಟೆಂದು ಹೊಳೆದಿರಲಿಲ್ಲ.

"ಫೋನಿನಲ್ಲಿ ಶ್ರುತಿ ಬರ್ತದಲ್ಲ, ಅದನ್ನಿಟ್ಟುಕೊಂಡು ಹಾಡಿದ್ರೆ?"

"ನಾನು ಉಸಿರು ತಗೊಳ್ಳೋವಾಗ ಅದು ಕಾಯಲ್ಲ" ಎಂದು ಹೇಳಿ ಕಾಮಾಕ್ಷಿ ಬೀನ್ಸ್ ಬಾಣಲೆಗೆ ಹಾಕಿದಳು. ಮಾತು ಅಲ್ಲಿಗೆ ಮುಗಿಯಿತು.

ಅವಳದು ಮೈಸೂರು. ಎರ್ನಾಕುಳದ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅನುವಾದಕಿ. ಇವನು ಕುಂಬಳೆ ಕಡೆಯವನು. ಅಲ್ಲೇ ಹತ್ತಿರದ ಅಂಬಲಮುಗಳಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಒತ್ತಡದ ಮೀಟರುಗಳನ್ನು ಪರೀಕ್ಷೆ ಮಾಡುವ ಕೆಲಸ. ಕೊಳವೆಗಳ ಮೇಲಿಂದ ಬಿಚ್ಚಿ ತಂದ ಮೀಟರನ್ನು ಒಂದು ಮಾಸ್ಟರ್ ಮೀಟರಿನ ಪಕ್ಕದಲ್ಲಿ ಸೋರದಂತೆ ಬಿಗಿದು ಕೂರಿಸಿ, ಎರಡಕ್ಕೂ ಒಂದೇ ಒತ್ತಡ ಕೊಟ್ಟು, ಎಷ್ಟು ಸುಳ್ಳು ಹೇಳುತ್ತದೆ ಎಂದು ಬರೆದಿಡುವುದು. ಅರ್ಧ ಶೇಕಡಾದೊಳಗಿನ ಸುಳ್ಳಾದರೆ ಪಾಸು. ಜಾಸ್ತಿಯಾದರೆ ಕೆಂಪು ಚೀಟಿ. ಈ ಕೆಲಸದಿಂದ ಅವನಿಗೆ ಲೋಕದ ಬಗ್ಗೆ ಒಂದು ಸರಳ ತಿಳುವಳಿಕೆ ಬಂದಿತ್ತು: ಒಂದು ಭಾಗ ಹೋದರೆ ಇನ್ನೊಂದು ಭಾಗ ಹಾಕಬೇಕು. ಹಾರ್ಮೋನಿಯಂ ಹೋಗಿತ್ತು. ಮಗಳ ಕೋಣೆಯ ಬೀರುವಿನ ಹಿಂದೆ ಗಿಟಾರ್ ಇತ್ತು.

ಮಗಳು ಅನ್ವಿತಾ ತಿರುವನಂತಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಸೀನಿಯರ್ ಒಬ್ಬಳಿಂದ ಕೊಂಡಿದ್ದ ಗಿಟಾರನ್ನು ಒಂದು ವರ್ಷ ನುಡಿಸಿ, ಹಾಸ್ಟೆಲಿನಲ್ಲಿ ಜಾಗವಿಲ್ಲವೆಂದು ರಜೆಯಲ್ಲಿ ತಂದು ಇಲ್ಲಿ ಬಿಟ್ಟಿದ್ದಳು. ರತ್ನಾಕರ ಧೂಳು ಒರೆಸಿದ. ಫೋನಿನಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಪ್ರತಿ ಸಂಜೆ ಆರರಿಂದ ಏಳರವರೆಗೆ ಬಾಲ್ಕನಿಯಲ್ಲಿ ಕೂತ. ಆರು ವಾರದಲ್ಲಿ ಮೂರು ಕಾರ್ಡ್, ಎಂದರೆ ಹಲವು ತಂತಿಗಳನ್ನು ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ, ಕಲಿತ. ಮೂರು ಕಾರ್ಡ್ ಬಂದರೆ ಅರ್ಧ ಲೋಕದ ಹಾಡುಗಳಿಗೆ ನುಡಿಸಬಹುದು ಎಂದು ವಿಡಿಯೋದವನು ಹೇಳಿದ್ದ. ರತ್ನಾಕರನಿಗೆ ಬೇಕಾಗಿದ್ದುದು ಒಂದು ಹಾಡು. ಕಾಮಾಕ್ಷಿಗೆ ಅವಳ ತಾಯಿ ಹೇಳಿಕೊಟ್ಟದ್ದು, ಗಾಂಧಾರದ ಮೇಲೆ ಬಂದು ಬಂದು ನಿಲ್ಲುವ ಒಂದು ಹಳೆಯ ಹಾಡು.

ಸೆಪ್ಟೆಂಬರ್ ಕೊನೆಯ ಗುರುವಾರ ಇಬ್ಬರೂ ಹಾಲಿನಲ್ಲಿ ಎದುರು ಬದುರು ಕೂತರು. ಅವಳ ಶ್ರುತಿಗೆ ಗಿಟಾರಿನ ಜಿ ಕಾರ್ಡ್ ಸರಿಹೊಂದುತ್ತದೆ ಎಂದು ರತ್ನಾಕರ ಮೊದಲೇ ಕಂಡುಕೊಂಡಿದ್ದ. ಕಾಮಾಕ್ಷಿ ಎರಡು ಸಾಲು ಹಾಡಿದಳು, ನಿಲ್ಲಿಸಿದಳು.

"ಎಂತ ಆಯ್ತು?"

"ಅಪಸ್ವರ."

ರತ್ನಾಕರ ಫೋನ್ ತೆಗೆದು ಶ್ರುತಿ ನೋಡುವ ಆ್ಯಪ್ ತೆರೆದ. ಒಂದೊಂದೇ ತಂತಿ ಮೀಟಿ ತೋರಿಸಿದ. ಆರಕ್ಕೆ ಆರೂ ಹಸಿರು ಬಂತು.

"ನೋಡು, ಎಲ್ಲ ಸರಿ ಉಂಟು."

"ಹಸಿರು ತೋರಿಸ್ಲಿ. ಕೇಳೋಕೆ ಹುಳಿ ಇದೆ."

"ಹುಳಿ ಹೇಳಿದ್ರೆ ಎಷ್ಟು?"

"ಹುಳಿ ಅಂದ್ರೆ ಹುಳಿ, ರೀ. ಅದಕ್ಕೇನು ಎಷ್ಟು?"

ಇದು ರತ್ನಾಕರನಿಗೆ ಒಪ್ಪುವ ಮಾತಾಗಿರಲಿಲ್ಲ. ಎಷ್ಟು ಎಂದು ಹೇಳಲಾಗದ ದೋಷವನ್ನು ಅವನು ಕೆಲಸದಲ್ಲಿ ಎಂದೂ ದೋಷವೆಂದು ಬರೆದವನಲ್ಲ. ಮರುದಿನವೇ ಒಂದು ನೋಟ್‌ಬುಕ್ ತೆರೆದ.

ಮೊದಲು ಕಂಬಿಗಳನ್ನು ಅಳೆದ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಕಂಬಿಗಳಿಗೆ ಫ್ರೆಟ್ ಎನ್ನುತ್ತಾರೆ. ಬೆರಳು ತಂತಿಯನ್ನು ಒತ್ತಿದಾಗ ತಂತಿ ಅಲ್ಲಿಗೆ ಮೊಟಕಾಗಿ ಸ್ವರ ಏರುತ್ತದೆ. ಯಾವ ಫ್ರೆಟ್ ಎಲ್ಲಿರಬೇಕೆಂಬುದಕ್ಕೆ ಲೆಕ್ಕವಿದೆ. ಉಳಿದ ತಂತಿಯ ಉದ್ದವನ್ನು ಪ್ರತಿ ಸಲ ಹದಿನೇಳು ಚಿಲ್ಲರೆಯಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮುಂದಿನ ಫ್ರೆಟ್ ಇಡುತ್ತ ಹೋಗಬೇಕು. ಕಾರ್ಖಾನೆಯಿಂದ ತಂದ ವರ್ನಿಯರ್ ಅಳತೆಕೋಲು ಹಿಡಿದು ಇಪ್ಪತ್ತು ಫ್ರೆಟ್‌ಗಳನ್ನೂ ಅಳೆದು ನೋಡಿದ. ಒಂದೂ ಜಾಗ ತಪ್ಪಿರಲಿಲ್ಲ. ಆಮೇಲೆ ಒಂದೊಂದು ಫ್ರೆಟ್ಟಿನಲ್ಲೂ ತಂತಿಯನ್ನು ಒತ್ತಿ ಮೀಟಿ ಆ್ಯಪಿನಲ್ಲಿ ನೋಡಿದ. ಇಲ್ಲಿ ಕತೆ ಬೇರೆಯಾಗಿತ್ತು. ಎಲ್ಲ ಸ್ವರಗಳೂ ಮೇಲಕ್ಕೆ ಹೋಗಿದ್ದವು, ಆ್ಯಪಿನ ಲೆಕ್ಕದಲ್ಲಿ ಕೆಲವು ಹತ್ತು ಸೆಂಟ್, ಕೆಲವು ಹದಿನೈದು. ತಲೆಯ ಹತ್ತಿರದ ಮೊದಲ ಫ್ರೆಟ್ಟಿನಲ್ಲಿ ಒಂದು ತಂತಿ ಇಪ್ಪತ್ತೆರಡು ತೋರಿಸಿತು. ತೆರೆದಾಗ ಸರಿಯಿದ್ದು ಒತ್ತಿದಾಗ ತಪ್ಪುವ ವಾದ್ಯ. ಗಿಟಾರಿಗೆ ದೋಷವಿದೆ ಎಂದು ಬರೆದು ಅಡಿಗೆರೆ ಎಳೆದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪರೀಕ್ಷೆ ಎಂದ ಮೇಲೆ ಎರಡೂ ಕಡೆ ಆಗಬೇಕಲ್ಲವೇ? ದೂರು ಕೊಟ್ಟವರ ಮೀಟರನ್ನೂ ನೋಡಬೇಕು. ಮುಂದಿನ ಎರಡು ಮೂರು ದಿನ ಕಾಮಾಕ್ಷಿ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಆ ಹಾಡನ್ನು ತಂಬೂರಿಯ ಆ್ಯಪ್ ಹಾಕಿಕೊಂಡು ಗುನುಗುತ್ತಿದ್ದಳು. ಅವನು ಫೋನನ್ನು ಕಿಟಕಿಯ ಪುಟ್ಟ ಪರದೆಯ ಹಿಂದೆ ಇಟ್ಟು ಐದು ಸಲ ರೆಕಾರ್ಡ್ ಮಾಡಿದ. ಅವಳ ಷಡ್ಜಕ್ಕೆ ಹೋಲಿಸಿ ನೋಡಿದರೆ ಪಂಚಮ ಸರಿ, ಮಧ್ಯಮ ಸರಿ. ಗಾಂಧಾರ ಮಾತ್ರ ಐದು ಸಲವೂ ಕೆಳಗೆ. ಹದಿಮೂರು, ಹದಿನಾಲ್ಕು, ಹದಿನಾಲ್ಕು, ಹದಿನೈದು, ಹದಿನಾಲ್ಕು. ಇಷ್ಟು ಸ್ಥಿರವಾಗಿ ತಪ್ಪುವ ಮೀಟರನ್ನು ತಾನು ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ ಎಂದುಕೊಂಡ. ಆ ಯೋಚನೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದರೆ ಒಳ್ಳೆಯದಿತ್ತು. ಒಯ್ಯಲಿಲ್ಲ. ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟ.

"ಗಿಟಾರಿಗೆ ತೊಂದರೆ ಉಂಟು, ನೀನು ಹೇಳಿದ್ದು ಹೌದು. ಆದರೆ ನಿನ್ನ ಗಾಂಧಾರವೂ ಹದಿನಾಲ್ಕು ಸೆಂಟ್ ಕಡಿಮೆ ಉಂಟು."

"ಏನು ಸೆಂಟು?"

"ಒಂದು ಸ್ವರಸ್ಥಾನಕ್ಕೂ ಅದರ ಮುಂದಿನದಕ್ಕೂ ನಡುವೆ ನೂರು ಸೆಂಟ್ ಹೇಳಿ ಲೆಕ್ಕ. ಅದರಲ್ಲಿ ಹದಿನಾಲ್ಕು."

ಕಾಮಾಕ್ಷಿ ಸಾರು ಬಡಿಸುವುದನ್ನು ನಿಲ್ಲಿಸಿ ಯೋಚಿಸಿದಳು. "ಈ ಊರಲ್ಲಿ ಹದಿನಾಲ್ಕು ಸೆಂಟ್ ಜಾಗ ಅಂದ್ರೆ ಜನ ಮನೆ ಕಟ್ಟಿ, ಬಾವಿ ತೋಡಿ, ಮುಂದೆ ಎರಡು ತೆಂಗಿನ ಮರಾನೂ ಬೆಳೆಸ್ತಾರೆ. ಅಷ್ಟು ದೂರ ತಪ್ಪಿದೀನಾ ನಾನು?"

"ಐದು ಸಲ ರೆಕಾರ್ಡ್ ಮಾಡಿ ನೋಡಿದೆ."

"ಯಾವಾಗ ಮಾಡಿದ್ರಿ?"

ಹೇಳಿದ. ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ತನ್ನ ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಊಟ ಮಾಡಿದಳು. ಆ ಮೇಲಿನ ದಿನಗಳಲ್ಲಿ ಮನೆಯಲ್ಲಿ ಆಡಿದ ಮಾತೆಲ್ಲ ಗ್ಯಾಸ್ ಸಿಲಿಂಡರ್, ಹಾಲು, ಲಿಫ್ಟ್ ಕೆಟ್ಟಿರುವುದು, ಇಷ್ಟಕ್ಕೇ ಸಂಬಂಧಿಸಿದ್ದು. ಗುನುಗುವುದೂ ನಿಂತಿತು.

ಅನ್ವಿತಾ ಫೋನ್ ಮಾಡಿದಾಗ ರತ್ನಾಕರ ನಡೆದದ್ದನ್ನೆಲ್ಲ ಸಂಖ್ಯೆಗಳ ಸಮೇತ ಹೇಳಿದ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಯೋಡ್ ಸಾರಿ ಪರಞೋ?"

"ಯಾವುದಕ್ಕೆ ಸಾರಿ ಹೇಳುದು? ನನ್ನ ಹತ್ತಿರ ರೀಡಿಂಗ್ ಉಂಟಲ್ಲ."

ಅನ್ವಿತಾ, ತಿರುವನಂತಪುರದ ತಂಪಾನೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬರಿದ್ದಾರೆ, ಮಾಚಯ್ಯ ಅಂಕಲ್, ಕರ್ನಾಟಕದವರೇ, ಗಿಟಾರನ್ನು ಅವರಲ್ಲಿಗೆ ತನ್ನಿ ಎಂದಳು. ನೋಟ್‌ಬುಕ್ಕನ್ನೂ ತನ್ನಿ, ಅವರಿಗೆ ಖುಷಿಯಾದೀತು ಎಂದೂ ಸೇರಿಸಿದಳು.

ಶನಿವಾರ ಬೆಳಗ್ಗೆ ರತ್ನಾಕರ ಮನೆಯ ಹತ್ತಿರದ ತ್ರಿಪ್ಪುಣಿತ್ತುರದಲ್ಲಿ ರೈಲು ಹತ್ತಿದ. ಎಲ್ಲಿಗೆ ಎಂದು ಕಾಮಾಕ್ಷಿ ಕೇಳಲಿಲ್ಲ. ಗಿಟಾರನ್ನು ಮೇಲಿನ ಹಲಗೆಯಲ್ಲಿ ಮಲಗಿಸಿದ. ಕೋಟ್ಟಯಂನಲ್ಲಿ ಹತ್ತಿದ ಒಬ್ಬ ವಯಸ್ಸಾದವರು ಅದನ್ನು ನೋಡಿ, ಚರ್ಚಿನಲ್ಲಿ ನುಡಿಸುವುದೇ ಎಂದು ಕೇಳಿದರು. ಅಲ್ಲ, ಮನೆಯಲ್ಲಿ, ಹೆಂಡತಿ ಹಾಡುವುದಕ್ಕೆ ಎಂದ ರತ್ನಾಕರ. ಅವರು ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದರು.

ಮಾಚಯ್ಯನವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಒಂದು ಲಾಡ್ಜಿನ ಎರಡನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ಗಿಟಾರುಗಳು ಕತ್ತು ಹಿಡಿದು ತೂಗುಹಾಕಿದಂತೆ ನೇತಾಡುತ್ತಿದ್ದವು. ಮನುಷ್ಯನಿಗೆ ಎಪ್ಪತ್ತರ ಹತ್ತಿರ. ಕೊಡಗಿನ ನಾಪೋಕ್ಲಿನವರು, ಎಂಬತ್ತರ ದಶಕದಲ್ಲಿ ಹೋಟೆಲೊಂದರ ಬ್ಯಾಂಡಿನಲ್ಲಿ ನುಡಿಸಲು ಮೂರು ತಿಂಗಳಿಗೆಂದು ಬಂದು ಇಲ್ಲೇ ಉಳಿದವರು.

"ಕೂತ್ಕೊಳ್ಳಿ ಸಾರ್. ಕನ್ನಡ ಮಾತಾಡಿ ಬಹಳ ದಿನ ಆಯ್ತು, ತಪ್ಪಿದ್ರೆ ತಿದ್ದಿ" ಎಂದರು.

ಅನ್ವಿತಾ ಒಂದು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ರತ್ನಾಕರ ನೋಟ್‌ಬುಕ್ ಬಿಚ್ಚಿ ವರ್ನಿಯರಿನ ಜೊತೆ ಮೇಜಿನ ಮೇಲಿಟ್ಟ. ಮಾಚಯ್ಯ ಕನ್ನಡಕ ಹಾಕಿಕೊಂಡು ಹತ್ತು ಪುಟವನ್ನೂ ಓದಿದರು. ನಡುವೆ ಒಂದೆರಡು ಕಡೆ "ಓಹೋ" ಎಂದರು. ಓದಿ ಮುಗಿಸಿ, ಅದೇ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ರತ್ನಾಕರನ ಫೋನಿನ ಆ್ಯಪನ್ನೇ ಎದುರಿಗಿಟ್ಟು, ಇಪ್ಪತ್ತೆರಡು ತೋರಿಸಿದ್ದ ಜಾಗದಲ್ಲಿ ತಂತಿ ಒತ್ತಿ ಮೀಟಿದರು. ಒಂಬತ್ತು ತೋರಿಸಿತು. ಹದಿನೈದು ತೋರಿಸಿದ್ದ ಜಾಗದಲ್ಲಿ ಎರಡು ತೋರಿಸಿತು.

"ಇನ್ನೊಮ್ಮೆ ಮಾಡಿ" ಎಂದ ರತ್ನಾಕರ.

ಮಾಡಿದರು. ಎರಡೇ.

"ಈಗ ನೀವು ಮಾಡಿ ಸಾರ್."

ರತ್ನಾಕರ ಮಾಡಿದ. ಹದಿನಾರು.

"ನೀವು ಅಳೆದದ್ದು ಗಿಟಾರನ್ನಲ್ಲ" ಎಂದರು ಮಾಚಯ್ಯ. "ನಿಮ್ಮ ಬೆರಳನ್ನ."

ಈ ಮಾತು ರತ್ನಾಕರನಿಗೆ ಹೋಗಿ ತಾಗಿತು. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆಲ್ಲ ಅವನು ಮೊದಲ ದಿನ ಹೇಳುತ್ತಿದ್ದುದೇ ಅದು: ಅಳೆಯುವಾಗ ಅಳೆಯುವವನ ಕೈ ರೀಡಿಂಗಿನೊಳಗೆ ಬರಬಾರದು.

ಮಾಚಯ್ಯ ಅವನ ಕೈಯನ್ನು ಹಿಡಿದು ಬೆರಳ ತುದಿಗಳನ್ನು ನೋಡಿದರು. ತಂತಿ ಒತ್ತಿ ಒತ್ತಿ ಅಲ್ಲಿ ಆಳವಾದ ಗೆರೆಗಳು ಬಿದ್ದಿದ್ದವು. "ಈ ಗಿಟಾರಿಗೆ ಯಾರೋ ಎತ್ತರದ ಫ್ರೆಟ್ ಹಾಕ್ಸಿದಾರೆ. ತಂತಿ ಫ್ರೆಟ್ಟಿಗೆ ಮುಟ್ಟಿದ ಕೂಡಲೇ ಸ್ವರ ಬಂತು. ಅಲ್ಲಿಗೆ ನಿಲ್ಲಿಸ್ಬೇಕು. ನೀವು ಅದನ್ನ ಮರದ ತನಕ ಇಳಿಸ್ತಿದ್ದೀರಿ. ತಂತಿ ಎಳೀತದೆ, ಸ್ವರ ಏರ್ತದೆ. ಮತ್ತೆ ನೀವು ಎರಡು ಫ್ರೆಟ್ ಮಧ್ಯದಲ್ಲಿ ಒತ್ತುತೀರಿ, ಅಲ್ಲಿ ಬಲ ಜಾಸ್ತಿ ಬೇಕು. ಫ್ರೆಟ್ ಪಕ್ಕದಲ್ಲೇ ಬೆರಳಿಟ್ರೆ ಅರ್ಧ ಬಲ ಸಾಕು. ಏನು ಕೆಲಸ ಸಾರ್ ನಿಮ್ಮದು?"

ಅನ್ವಿತಾ ಅಪ್ಪನ ಕೆಲಸ ಏನೆಂದು ಹೇಳಿದಳು. "ಹಾಗಾದ್ರೆ ಸರಿ. ಸೋರಬಾರದು ಅಂತ ಬಿಗೀತೀರಿ" ಎಂದರು ಮಾಚಯ್ಯ.

ಮೊದಲ ಫ್ರೆಟ್ಟಿನ ಒಂಬತ್ತು ಮಾತ್ರ ಗಿಟಾರಿನದೇ ತಪ್ಪು. ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯ ಕಚ್ಚುಗಳು ಆಳ ಸಾಲದೆ ತಂತಿ ಅಲ್ಲಿ ಎತ್ತರವಾಗಿತ್ತು. ಅದನ್ನು ಅರದಿಂದ ಉಜ್ಜಿ ಇಳಿಸುತ್ತೇನೆ, ಒಂದು ಗಂಟೆಯ ಕೆಲಸ ಎಂದರು. ರತ್ನಾಕರ ಒಪ್ಪಿದ. ಆದರೆ ಅವನಿಗೆ ಇನ್ನೊಂದು ವಿಷಯ ಬಾಕಿಯಿತ್ತು. ಹತ್ತನೆಯ ಪುಟ ತೆರೆದು ಬೆರಳಿಟ್ಟ.

"ಇದು ನನ್ನ ಬೆರಳಲ್ಲ. ಇದು ಇವಳ ಅಮ್ಮ ಹಾಡಿದ್ದು. ಗಾಂಧಾರ ಐದು ಸಲವೂ ಕಡಿಮೆ ಉಂಟು."

ಮಾಚಯ್ಯ ಆ ಐದು ಸಂಖ್ಯೆಗಳನ್ನು ಮತ್ತೊಮ್ಮೆ ಓದಿದರು. ಈ ಸಲ ಓಹೋ ಎನ್ನಲಿಲ್ಲ. "ಮೇಡಂ ಯಾರ ಹತ್ತಿರ ಕಲ್ತಿದ್ದು?"

"ಅವಳ ತಾಯಿ ಹತ್ತಿರ."

"ನಿಮ್ಮ ಅಳತೆಕೋಲು ತಂದಿದ್ದೀರಲ್ಲ. ಕೈಯಲ್ಲಿ ಹಿಡ್ಕೊಳ್ಳಿ."

ಮೂರನೆಯ ತಂತಿಯನ್ನು ಮೀಟಿದರು. "ಇದು ಮೇಡಂ ಷಡ್ಜ. ಈಗ ನಾನು ಒತ್ತೋದಿಲ್ಲ, ನೋಡಿ." ನಾಲ್ಕನೆಯ ಫ್ರೆಟ್ಟಿನ ಹತ್ತಿರ ತಂತಿಯ ಮೇಲೆ ಬೆರಳನ್ನು ನೊಣ ಕೂತಷ್ಟೇ ಹಗುರಾಗಿ ಇಟ್ಟು, ಮೀಟಿ, ಬೆರಳು ತೆಗೆದರು. ಗಂಟೆಯ ಹಾಗೆ ಒಂದು ತೆಳ್ಳನೆಯ ಸ್ವರ ಎದ್ದು ನಿಂತಿತು. "ತಂತಿಯನ್ನ ಸರಿಯಾಗಿ ಐದು ಪಾಲು ಮಾಡೋ ಜಾಗ ಇದು. ಇಲ್ಲಿ ತಂತಿ ತಾನೇ ಗಾಂಧಾರ ಹೇಳ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟು ತೋರಿಸ್ತಿದೆ?"

ರತ್ನಾಕರ ಫೋನ್ ನೋಡಿದ. ಹದಿನಾಲ್ಕು ಕಡಿಮೆ ಎಂದು ತೋರಿಸುತ್ತಿತ್ತು.

"ನನ್ನ ಬೆರಳಿಗೂ ಫ್ರೆಟ್ಟಿಗೂ ಎಷ್ಟು ದೂರ, ಅಳೀರಿ."

ಅಳೆದ. ನಾಲ್ಕು ಮಿಲಿಮೀಟರ್. ಫ್ರೆಟ್ ನಾಲ್ಕು ಮಿಲಿಮೀಟರ್ ಮುಂದೆ ಇತ್ತು. ಎರಡನೆಯ ಸಲ ಅಳೆದ. ಅಷ್ಟೇ.

"ಹಾಗಾದ್ರೆ ಫ್ರೆಟ್ಟನ್ನು ಅಲ್ಲೇ ಹಾಕ್ಬಹುದಿತ್ತಲ್ಲ?"

"ಹಾಕಿದ್ರೆ ಈ ತಂತಿಗೆ, ಈ ಶ್ರುತಿಗೆ ಸರಿ. ಫ್ರೆಟ್ ನೆಟ್ಟಗಿನ ಕಂಬಿ ಸಾರ್, ಆರು ತಂತಿಗೂ ಒಂದೇ. ಪಕ್ಕದ ತಂತೀಲಿ ಅದು ಬೇರೆ ಸ್ವರ, ಅಲ್ಲಿ ಕೆಡ್ತದೆ. ಶ್ರುತಿ ಬದಲಾಯಿಸಿದ್ರೆ ಎಲ್ಲಾ ಕಡೆ ಕೆಡ್ತದೆ. ಅದಕ್ಕೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪು ಹಂಚಿದಾರೆ. ಪಂಚಮಕ್ಕೆ ಕಡಿಮೆ ಬಂತು, ಗಾಂಧಾರಕ್ಕೆ ಜಾಸ್ತಿ ಬಂತು. ನಿಮ್ಮ ಆ್ಯಪ್ ಗಿಟಾರಿನವರ ಲೆಕ್ಕದಲ್ಲಿ ಹೇಳ್ತದೆ. ಮೇಡಂ ತಂತಿಯ ಲೆಕ್ಕದಲ್ಲಿ ಹಾಡ್ತಾರೆ."

ರತ್ನಾಕರ ವರ್ನಿಯರನ್ನು ಮೇಜಿನ ಮೇಲಿಟ್ಟ. ಹುಟ್ಟುವಾಗಲೇ ತಪ್ಪನ್ನು ಒಳಗಿಟ್ಟುಕೊಂಡು ಬರುವ ಉಪಕರಣ. ಅದನ್ನೇ ತಾನು ಮಾಸ್ಟರ್ ಎಂದು ಇಟ್ಟುಕೊಂಡು ಮನೆಯಲ್ಲಿದ್ದ ಸರಿಯಾದ ಮೀಟರಿಗೆ ಕೆಂಪು ಚೀಟಿ ಅಂಟಿಸಿದ್ದ. ಅನ್ವಿತಾ ಚಹಾದ ಲೋಟ ತೊಳೆಯಲು ಎದ್ದುಹೋದಳು.

"ಹಾಡಿಗೆ ನುಡಿಸುದು ಹೇಗೆ ಮತ್ತೆ?" ಎಂದು ಕೊನೆಗೆ ಕೇಳಿದ.

ಮಾಚಯ್ಯ ಜಿ ಕಾರ್ಡಿನಲ್ಲಿ ಗಾಂಧಾರ ಬರುವ ಎರಡು ತಂತಿಗಳನ್ನು ತೋರಿಸಿದರು. ಒಂದನ್ನು ಬೆರಳಿನ ಬದಿಯಿಂದ ಮುಟ್ಟಿ ಸುಮ್ಮನಾಗಿಸಿದರು. ಇನ್ನೊಂದನ್ನು ಮೂರನೆಯ ಫ್ರೆಟ್ಟಿನಲ್ಲಿ ಹಿಡಿದು ಪಂಚಮ ಮಾಡಿದರು. ಮೀಟಿದಾಗ ಷಡ್ಜ ಪಂಚಮ ಎರಡೇ ಕೇಳಿದವು. ಉಳಿದ ಎರಡು ಕಾರ್ಡುಗಳಿಗೂ ಹೀಗೆಯೇ ಉಪಾಯ ಹೇಳಿಕೊಟ್ಟರು. "ಗಾಂಧಾರ ನೀವು ನುಡಿಸ್ಬೇಡಿ. ಅದನ್ನ ಮೇಡಂಗೆ ಬಿಡಿ" ಎಂದರು. ಕೈಗೂ ಒಂದು ಅಭ್ಯಾಸ ಕೊಟ್ಟರು. ತಂತಿಯನ್ನು ಸುಮ್ಮನೆ ಮುಟ್ಟಿ ಮೀಟಿದರೆ ಮೊದಲು ಟಕ್ಕೆಂದು ಸತ್ತ ಸದ್ದು ಬರುತ್ತದೆ. ಮೀಟುತ್ತ ಮೀಟುತ್ತ ನಿಧಾನ ಒತ್ತುತ್ತ ಹೋಗಬೇಕು. ಸದ್ದು ಸ್ವರವಾಗುವ ಗಳಿಗೆ ಬಂದಾಗ ಅಲ್ಲೇ ನಿಲ್ಲಬೇಕು, ಅದಕ್ಕಿಂತ ಒಂದು ಕೂದಲೆಳೆ ಮುಂದೆ ಹೋಗಬಾರದು. ದಿನಾ ಅರ್ಧ ಗಂಟೆ. ಶ್ರುತಿ ಮಾಡುವಾಗಲೂ ತಂತಿಯನ್ನು ಜೋರಾಗಿ ಮೀಟಿ ನೋಡಬಾರದು, ಹಾಡಿಗೆ ಮೀಟುವಷ್ಟೇ ಮೆಲ್ಲಗೆ ಮೀಟಬೇಕು. ಜೋರಾಗಿ ಮೀಟಿದ ತಂತಿ ಮೊದಲು ಏರಿ ಆಮೇಲೆ ಇಳಿಯುತ್ತದೆ.

ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಗಿಟಾರ್ ಸಿದ್ಧವಾಗಿತ್ತು. ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಅನ್ವಿತಾ ಅಪ್ಪನ ಹೆಗಲಿಗೆ ಚೀಲದ ಪಟ್ಟಿ ಸರಿಮಾಡಿ, "ಇನಿ ಪರಯುಮಲ್ಲೋ?" ಎಂದಳು. ಇನ್ನಾದರೂ ಹೇಳುತ್ತೀರಲ್ಲ ಎಂದು. ರತ್ನಾಕರ ತಲೆಯಾಡಿಸಿದ.

ಸಂಜೆ ಏಳಕ್ಕೆ ಮನೆ ತಲುಪಿದಾಗ ಕಾಮಾಕ್ಷಿ ಟಿವಿಯ ಮುಂದೆ ಕೂತು ಬಟ್ಟೆ ಮಡಚುತ್ತಿದ್ದಳು. ರತ್ನಾಕರ ಚಪ್ಪಲಿ ಬಿಟ್ಟು, ಕೈಕಾಲು ಕೂಡ ತೊಳೆಯದೆ, ಎದುರಿನ ಕುರ್ಚಿಯಲ್ಲಿ ಕೂತು ಗಿಟಾರ್ ತೆಗೆದ. ಮೂರನೆಯ ತಂತಿಯನ್ನು ನಾಲ್ಕನೆಯ ಫ್ರೆಟ್ಟಿಗಿಂತ ನಾಲ್ಕು ಮಿಲಿಮೀಟರ್ ಹಿಂದೆ ಮೆಲ್ಲನೆ ಮುಟ್ಟಿ ಮೀಟಿದ. ಮೊದಲ ಸಲ ಬರಲಿಲ್ಲ. ಮೂರನೆಯ ಸಲಕ್ಕೆ ಬಂತು.

ಕಾಮಾಕ್ಷಿ ಟಿವಿಯ ಸದ್ದು ಕಡಿಮೆ ಮಾಡಿದಳು. "ಇನ್ನೊಂದ್ಸಲ ಮಾಡಿ" ಎಂದಳು. ಮಾಡಿದ.

"ಇದು ಸರಿ ಇದೆ" ಎಂದಳು.

"ಇದು ನಿನ್ನ ಗಾಂಧಾರ. ಫ್ರೆಟ್ ಇರುದೇ ತಪ್ಪಿದ ಜಾಗದಲ್ಲಿ. ಈ ಗಿಟಾರಲ್ಲಿ ಮಾತ್ರ ಅಲ್ಲ, ಎಲ್ಲ ಗಿಟಾರಲ್ಲೂ ಹಾಗೇ. ನಿನ್ನದು ಸರಿ ಉಂಟು."

"ಇದನ್ನ ತಿಳ್ಕೊಳ್ಳೋಕೆ ತಿರುವನಂತಪುರಕ್ಕೆ ಹೋಗ್ಬೇಕಿತ್ತಾ? ನಾನು ಇಲ್ಲೇ ಹೇಳಿದ್ನಲ್ಲ."

"ನೀನು ಹುಳಿ ಹೇಳಿದ್ದು. ಅವರು ಮಿಲಿಮೀಟರಲ್ಲಿ ತೋರಿಸಿದ್ರು."

ಕಾಮಾಕ್ಷಿ ಮಡಚಿದ ಟವೆಲನ್ನು ಬಿಡಿಸಿ ಮತ್ತೆ ಮಡಚಿದಳು. "ನನಗೆ ಸಿಟ್ಟು ಬಂದಿದ್ದು ಕಮ್ಮಿ ಇದೆ ಅಂದಿದ್ದಕ್ಕಲ್ಲ, ರೀ. ನಾನು ನನ್ನ ಪಾಡಿಗೆ ಪಾತ್ರೆ ತೊಳೀತಾ ಹಾಡ್ಕೋತಾ ಇದ್ದಾಗ ಪರದೆ ಹಿಂದೆ ಫೋನ್ ಇಟ್ರಲ್ಲ, ಅದಕ್ಕೆ. ಅಷ್ಟು ತಿಂಗಳ ಮೇಲೆ ಹಾಡ್ಬೇಕು ಅನ್ನಿಸಿತ್ತು."

ರತ್ನಾಕರನಿಗೆ ಈ ಕಡೆ ಯೋಚನೆಯೇ ಹೋಗಿರಲಿಲ್ಲ. ರೈಲಿನಲ್ಲಿ ನಾಲ್ಕೂವರೆ ಗಂಟೆ ಕೂತು ಸಿದ್ಧಮಾಡಿಕೊಂಡಿದ್ದ ವಿವರಣೆ ಎಲ್ಲ ಬೇರೆಯದರ ಬಗ್ಗೆ ಇತ್ತು.

"ತಪ್ಪಾಯ್ತು" ಎಂದ.

ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಆ ಮಾತು ಮೊದಲ ಸಲದ್ದೇನಲ್ಲ, ಆದರೆ ಎಣಿಸಲು ಒಂದು ಕೈ ಸಾಕಾಗುತ್ತಿತ್ತು. ಕಾಮಾಕ್ಷಿ ಟವೆಲುಗಳನ್ನು ಎತ್ತಿಕೊಂಡು ಎದ್ದಳು. "ಕೈಕಾಲು ತೊಳ್ಕೊಳ್ಳಿ. ದೋಸೆ ಹಾಕ್ತೀನಿ" ಎಂದಳು.

ಆ ಮೇಲೆ ಸಂಘದ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಐದು ವಾರವಿತ್ತು. ರತ್ನಾಕರ ದಿನಾ ಅರ್ಧ ಗಂಟೆ ಬಾಲ್ಕನಿಯಲ್ಲಿ ಟಕ್ ಟಕ್ ಎನ್ನಿಸುತ್ತ ಕೂತ. ಕೆಳಗಿನ ಫ್ಲ್ಯಾಟಿನವರು ಬಂದು ನಲ್ಲಿ ಸೋರುತ್ತಿದೆಯೇ ಎಂದು ವಿಚಾರಿಸಿದರು. ಹಗುರಾಗಿ ಒತ್ತುವುದು ಕಷ್ಟದ ಕೆಲಸ ಎಂಬುದು ಅವನಿಗೆ ಹೊಸ ವಿಷಯ. ಕೈ ತಾನಾಗಿಯೇ ಬಿಗಿಯುತ್ತಿತ್ತು. ಇದನ್ನು ಹೇಳಿಕೊಂಡಾಗ ಕಾಮಾಕ್ಷಿ, ನೀವು ಮುಚ್ಚಿದ ಉಪ್ಪಿನಕಾಯಿ ಬಾಟಲಿಯನ್ನು ಇಷ್ಟು ವರ್ಷ ಪಕ್ಕದ ಮನೆಯವರಿಂದ ತೆಗೆಸುತ್ತಿದ್ದೇನೆ ಎಂದಳು. ಅವನಿಗೆ ಅದೂ ಗೊತ್ತಿರಲಿಲ್ಲ.

ಗುರುವಾರಗಳಲ್ಲಿ ಒಟ್ಟಿಗೆ ಕೂರತೊಡಗಿದರು. ಮೊದಲ ವಾರ ಅವಳು ಮೂರು ಕಡೆ ನಿಲ್ಲಿಸಿದಳು, ಮುಂದಿನ ವಾರ ಒಂದು ಕಡೆ. ಹಾರ್ಮೋನಿಯಂ ಆದರೆ ಸ್ವರವನ್ನು ಹಿಡಿದು ನಿಲ್ಲಿಸುತ್ತದೆ, ಗಿಟಾರ್ ಮೀಟಿ ಬಿಟ್ಟುಬಿಡುತ್ತದೆ, ಅದು ಒಂಥರಾ ಚೆನ್ನಾಗಿದೆ ಎಂದಳು. ಅವಳು ಉಸಿರು ತೆಗೆದುಕೊಳ್ಳುವಲ್ಲಿ ಕಾಯುವುದನ್ನು ರತ್ನಾಕರ ಪೆನ್ಸಿಲಿನಲ್ಲಿ ಸಾಹಿತ್ಯದ ಮೇಲೆ ಗುರುತು ಹಾಕಿಕೊಂಡಿದ್ದ. ನಾಲ್ಕನೆಯ ವಾರ ಆ ಹಾಳೆ ಎಲ್ಲೋ ಕಳೆಯಿತು. ಆದರೂ ಕಾದ.

ನವೆಂಬರಿನ ಎರಡನೆಯ ಭಾನುವಾರ ಸಂಜೆ ತ್ರಿಪ್ಪುಣಿತ್ತುರದ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ನೂರ ಇಪ್ಪತ್ತು ಜನ ಇದ್ದರು. ಅನ್ವಿತಾ ಹಿಂದಿನ ದಿನವೇ ಬಂದಿದ್ದಳು. ಮಕ್ಕಳ ನೃತ್ಯ, ಮುಖ್ಯ ಅತಿಥಿಗಳ ಭಾಷಣ, ಆ ಭಾಷಣ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದ ಮೇಲೂ ಮುಂದುವರಿದ ಭಾಗ, ಇವೆಲ್ಲ ಆದ ಮೇಲೆ ಮೋಹನ ಇವರ ಹೆಸರು ಕರೆದ. ರತ್ನಾಕರ ವೇದಿಕೆಯ ಹಿಂದೆ ಮೂರು ಸಲ ಶ್ರುತಿ ನೋಡಿದ್ದ, ಮೂರು ಸಲವೂ ಮೆಲ್ಲಗೆ ಮೀಟಿ. ಕುರ್ಚಿಯಲ್ಲಿ ಕೂತು ಮುಂದೆ ನೋಡಿದ. ದೀಪದ ಬೆಳಕಿನಲ್ಲಿ ಯಾರ ಮುಖವೂ ಕಾಣಲಿಲ್ಲ. ಎಡಗೈ, ಸೋರುವ ಕೊಳವೆಯನ್ನು ಹಿಡಿದಂತೆ, ಗಿಟಾರಿನ ಕತ್ತನ್ನು ಹಿಡಿಯಿತು.

ಪಲ್ಲವಿಯ ಮೊದಲ ಸಾಲಿನಲ್ಲೇ ಅವನಿಗೆ ಗೊತ್ತಾಯಿತು. ಷಡ್ಜ ಮೇಲಕ್ಕೆ ಹೋಗಿತ್ತು. ಎಷ್ಟು ಎಂದು ಗೊತ್ತಾಗಲಿಲ್ಲ. ಹುಳಿ ಇತ್ತು. ಬೆರಳು ಸಡಿಲಿಸಬೇಕೆಂದುಕೊಂಡ, ಸಡಿಲಿಸಿದರೆ ಸದ್ದು ಸತ್ತುಹೋದೀತು ಎಂದು ಹೆದರಿ ಇನ್ನೂ ಬಿಗಿಯಾಗಿ ಹಿಡಿದ. ಕಾಮಾಕ್ಷಿ ಪಲ್ಲವಿ ಮುಗಿಸಿದಳು. ನಡುವೆ ಗಿಟಾರ್ ಮಾತ್ರ ನಾಲ್ಕು ಸುತ್ತು ನುಡಿಸುವ ಜಾಗವಿತ್ತು. ಅವಳು ಅವನ ಕಡೆ ಅರ್ಧ ತಿರುಗಿ, ಮೈಕಿನಿಂದ ಮುಖ ದೂರ ಮಾಡಿಕೊಂಡೆ ಎಂದು ತಿಳಿದು ಹೇಳಿದಳು:

"ಮೆತ್ತಗೆ."

ಮೈಕು ಅದನ್ನು ನೂರ ಇಪ್ಪತ್ತು ಜನಕ್ಕೂ ಮುಟ್ಟಿಸಿತು. ಸಭೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಹಿಂದಿನ ಸಾಲಿನಲ್ಲಿ ಮಾತಾಡುತ್ತಿದ್ದವರು ತಮಗೇ ಹೇಳಿದ್ದೆಂದು ತಿಳಿದು ಬಾಯಿ ಮುಚ್ಚಿದರು. ಕುರ್ಚಿ ಎಳೆಯುತ್ತಿದ್ದ ಗಂಡಸರೊಬ್ಬರು ಅದನ್ನು ಎತ್ತಿ ಇಟ್ಟರು.

ರತ್ನಾಕರ ಬೆರಳುಗಳನ್ನು ಬಿಟ್ಟ. ಪೂರ್ತಿ ಬಿಟ್ಟ, ತಂತಿ ಒಂದು ಸಲ ಟಕ್ಕ್ ಎಂದಿತು. ಅಲ್ಲಿಂದ ನಿಧಾನ ಒತ್ತುತ್ತ ಬಂದ. ಸದ್ದು ಸ್ವರವಾಯಿತು, ಅಲ್ಲೇ ನಿಂತ. ಷಡ್ಜ ಪಂಚಮ ಎರಡೇ. ನಡುವೆ ಗಾಂಧಾರದ ಜಾಗ ಖಾಲಿ ಬಿಟ್ಟಿದ್ದ. ಕಾಮಾಕ್ಷಿ ಚರಣ ಎತ್ತಿಕೊಂಡು, ಎರಡನೆಯ ಸಾಲಿನ ಕೊನೆಯಲ್ಲಿ ಬಂದು ಅಲ್ಲಿ ನಿಂತಳು. ಎಷ್ಟು ಹೊತ್ತು ನಿಂತಳೋ ಅಷ್ಟು ಹೊತ್ತು ಅವನು ಮೀಟದೆ ಕಾದ. ಅವನ ಬೆನ್ನಿಗೆ ಒರಗಿದ ಗಿಟಾರಿನ ಪಟ್ಟಿ ಬೆವರಿನಿಂದ ಒದ್ದೆಯಾಗಿತ್ತು. ಹಾಡು ಮುಗಿದಾಗ ಅವನಿಗೆ ಮೊದಲು ಅನಿಸಿದ್ದು, ಕೈ ನೋಯುತ್ತಿಲ್ಲವಲ್ಲ ಎಂದು.

ಊಟ ಕೆಳಗಿನ ತರಗತಿಯ ಕೋಣೆಗಳಲ್ಲಿ. ಮಕ್ಕಳ ಬೆಂಚುಗಳ ಮೇಲೆ ಎಲೆ ಹಾಕಿದ್ದರು, ದೊಡ್ಡವರ ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ. ಮೋಹನ ಬಡಿಸುತ್ತ ಬಂದು, ಮೇಡಂ ಹಾಡು ಯಾವತ್ತಿನ ಹಾಗೆ ಚೆನ್ನಾಗಿತ್ತು, ಅದಕ್ಕಿಂತ ಆ 'ಮೆತ್ತಗೆ' ಎಂದದ್ದು ಬಹಳ ಉಪಯೋಗವಾಯಿತು, ಹನ್ನೆರಡು ವರ್ಷದಲ್ಲಿ ಸಭೆ ಅಷ್ಟು ಸದ್ದಿಲ್ಲದೆ ಕೂತದ್ದು ನಾನು ನೋಡಿಲ್ಲ ಎಂದ. ಆಮೇಲೆ ರತ್ನಾಕರನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದ ಹೇಳಿದ:

"ಸಾರ್, ಗಿಟಾರ್ ಅಷ್ಟು ಕೇಳಿಸ್ಲಿಲ್ಲ. ಮುಂದಿನ ಸಲ ಬೇರೆ ಮೈಕ್ ಇಡೋಣ."

"ಬೇಡ" ಎಂದ ರತ್ನಾಕರ. "ಅಷ್ಟೇ ಕೇಳಿಸಬೇಕಾದ್ದು."

"ನನಗೆ ಕೇಳಿಸ್ತು" ಎಂದಳು ಕಾಮಾಕ್ಷಿ, ಮತ್ತು ತನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಳು.